ವಾಟ್ ಹೆಚ್ಚಿಸುವ ಮೊದಲು ಆಂಟೆನಾ ನೋಡಿ

ಅಮೆರಿಕದ ಹೆದ್ದಾರಿಗಳ ಬದಿಯ ಟ್ರಕ್ ತಂಗುದಾಣಗಳಲ್ಲಿ ಸಿಬಿ ರೇಡಿಯೊ ರಿಪೇರಿಯ ಸಣ್ಣ ಅಂಗಡಿಗಳು ಅಲ್ಲಲ್ಲಿ ಇನ್ನೂ ಉಳಿದುಕೊಂಡಿವೆ. ಹೊಸ ಸೆಟ್ ಕೊಂಡವರು ಅಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ: ‘ಇದನ್ನು ಪೀಕ್ ಮಾಡಿ, ಟ್ಯೂನ್ ಮಾಡಿಕೊಡಿ.’ ಅಂದರೆ ಮುಚ್ಚಳ ಬಿಚ್ಚಿ, ಒಳಗಿನ ತಿರುಪುಗಳನ್ನು ತಿರುಗಿಸಿ, ನಾಲ್ಕು ವಾಟ್‌ನ ಸೆಟ್ಟಿನಿಂದ ಎಂಟೋ ಹತ್ತೋ ವಾಟ್ ಹೊರಡಿಸಿಕೊಡಿ ಎಂದು. ಹೀಗೆ ಖರ್ಚು ಮಾಡುವ ಹಣದ ಬಹುಪಾಲು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಹಣವನ್ನು ಗಾಡಿಯ ನೆತ್ತಿಯ ಮೇಲೆ, ಅಂದರೆ ಆಂಟೆನಾ ಮತ್ತು ಅದರ ಅರ್ಥಿಂಗ್ ಮೇಲೆ ಹಾಕಿದರೆ ಸಿಗುವ ಫಲವೇ ಬೇರೆ.

ಲೆಕ್ಕ ಸರಳ. ನಾಲ್ಕು ವಾಟ್ ಎಂಟಾದರೆ ಹೆಚ್ಚಿದ್ದು ಮೂರು ಡೆಸಿಬೆಲ್. ಆಚೆ ಬದಿಯವರ ಸೆಟ್ಟಿನಲ್ಲಿ ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನ ಒಂದು ಮನೆ ಎಂದರೆ ಶಾಸ್ತ್ರಪ್ರಕಾರ ಆರು ಡೆಸಿಬೆಲ್. ಶಕ್ತಿಯನ್ನು ದುಪ್ಪಟ್ಟು ಮಾಡಿದರೂ ಅವರ ಮುಳ್ಳು ಅರ್ಧ ಮನೆಯಷ್ಟೇ ಮೇಲೇರುತ್ತದೆ. ಪೂರ್ತಿ ಒಂದು ಮನೆ ಏರಬೇಕಾದರೆ ಹದಿನಾರು ವಾಟ್ ಬೇಕು. ಇಷ್ಟೆಲ್ಲ ಮಾಡಿದರೂ ನಿಮಗೆ ಕೇಳಿಸುವುದರಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗುವುದಿಲ್ಲ. ಆಂಟೆನಾ ಸುಧಾರಿಸಿದರೆ ಹೋಗುವ ಮಾತು, ಬರುವ ಮಾತು ಎರಡೂ ಸುಧಾರಿಸುತ್ತವೆ. ಸೋರುವ ಪೈಪನ್ನು ಹಾಗೇ ಬಿಟ್ಟು ಪಂಪ್‌ಸೆಟ್ಟಿನ ಎಚ್‌ಪಿ ಏರಿಸುವವರನ್ನು ನಮ್ಮ ರೈತರು ಏನೆನ್ನುತ್ತಾರೋ, ಇಲ್ಲಿಗೂ ಅದೇ ಮಾತು ಸಲ್ಲುತ್ತದೆ.

ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರಿಗೆಂದು ಬಿಟ್ಟುಕೊಟ್ಟ ರೇಡಿಯೊ ಪಟ್ಟಿ. ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ 1958ರಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನ ಜಾಗವನ್ನು ಇದಕ್ಕೆ ಕೊಟ್ಟಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಡೀಸೆಲ್ ಎಲ್ಲಿ ಸಿಗುತ್ತದೆ ಎಂದು ಒಬ್ಬರಿಗೊಬ್ಬರು ತಿಳಿಸಲು, ಅದರ ಬೆನ್ನಿಗೇ ಬಂದ ಗಂಟೆಗೆ 55 ಮೈಲಿಯ ವೇಗಮಿತಿಯನ್ನು ಕಾಯುತ್ತಿದ್ದ ಪೊಲೀಸರ ಸುಳಿವು ಕೊಡಲು ಟ್ರಕ್ ಚಾಲಕರು ಇದನ್ನು ಹಿಡಿದುಕೊಂಡರು. ನೋಡನೋಡುತ್ತಲೇ ಅದು ದೇಶದ ಗೀಳಾಯಿತು. 23 ಚಾನೆಲ್‌ಗಳು ಸಾಲದೆ 1977ರ ಜನವರಿ 1ರಿಂದ ಅವು 40 ಆದವು. 1983ರಲ್ಲಿ ಲೈಸೆನ್ಸ್ ಪಡೆಯಬೇಕೆಂಬ ನಿಯಮವೂ ಹೋಯಿತು. 9ನೇ ಚಾನೆಲ್ ತುರ್ತು ಕರೆಗೆ ಮೀಸಲು. 19ನೆಯದು ಟ್ರಕ್‌ನವರ ರೂಢಿಯ ಚಾನೆಲ್. ಈಗಲೂ ಯೂಟಾ, ಕೊಲರಾಡೊ ಕಡೆಯ ಮಣ್ಣುದಾರಿಗಳಲ್ಲಿ ಎರಡು ಮೂರು ಗಾಡಿಗಳಲ್ಲಿ ಒಟ್ಟಿಗೆ ಹೊರಡುವವರಿಗೆ, ಮೊಬೈಲ್ ಸಿಗ್ನಲ್ ಕೈಕೊಟ್ಟ ಜಾಗದಲ್ಲಿ ಈ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರೂ ಇಂಥ ಪ್ರವಾಸ ಹೊರಡುವ ಮೊದಲು ಮುಂದಿನ ಕೆಲಸಗಳನ್ನು ಮನೆಯಂಗಳದಲ್ಲೇ ಮಾಡಿಕೊಳ್ಳಬಹುದು.

ಎಷ್ಟು ದೂರ ನಿರೀಕ್ಷಿಸಬೇಕು ಎಂಬುದು ಮೊದಲೇ ಗೊತ್ತಿರಲಿ. ಬಯಲುಸೀಮೆಯಲ್ಲಿ ಕಾರಿನಿಂದ ಕಾರಿಗೆ ಐದಾರು ಕಿಲೋಮೀಟರ್ ಸಿಕ್ಕರೆ ಸೆಟ್ ಸರಿಯಾಗಿಯೇ ಇದೆ. ಎಲ್ಲವೂ ಅಚ್ಚುಕಟ್ಟಾಗಿದ್ದರೆ ಹತ್ತರ ಹತ್ತಿರ ಹೋಗಬಹುದು. ಗುಡ್ಡ ಅಡ್ಡ ಬಂದರೆ ಎರಡಕ್ಕೇ ನಿಲ್ಲುತ್ತದೆ.

ಉದ್ದ, ಜಾಗ, ಅರ್ಥಿಂಗ್

27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೊಂದು ಮೀಟರ್. ಗಾಡಿಯ ಮೇಲೆ ನಿಲ್ಲಿಸುವ ಆಂಟೆನಾ ಅದರ ಕಾಲುಭಾಗ, ಎಂದರೆ 2.75 ಮೀಟರಿನಷ್ಟು, ಇದ್ದರೆ ಉತ್ತಮ. ಅಮೆರಿಕದ ಅಂಗಡಿಗಳಲ್ಲಿ ಸಿಗುವ 102 ಇಂಚಿನ ಉಕ್ಕಿನ ಕಡ್ಡಿಗೆ ಬುಡದಲ್ಲಿ ಆರು ಇಂಚಿನ ಸ್ಪ್ರಿಂಗ್ ಸೇರಿಸಿದರೆ ಬರುವುದು ಇದೇ ಉದ್ದ. ಇದನ್ನು ಮೀರಿಸುವ ಆಂಟೆನಾ ಗಾಡಿಗೆ ಸಿಗುವುದು ಕಷ್ಟ. ಆದರೆ ಇಷ್ಟುದ್ದದ ಕಡ್ಡಿ ಪೆಟ್ರೋಲ್ ಬಂಕಿನ ಚಾವಣಿಗೆ, ಮರದ ಕೊಂಬೆಗೆ ಬಡಿಯುತ್ತದೆ. ಅದಕ್ಕೇ ಹೆಚ್ಚಿನವರು ಮೂರು ನಾಲ್ಕು ಅಡಿಯ ಫೈಬರ್‌ಗ್ಲಾಸ್ ಕಡ್ಡಿಗೆ ಹೋಗುತ್ತಾರೆ. ಅದರಲ್ಲಿ ಕೊರತೆಯಾದ ಉದ್ದವನ್ನು ತಾಮ್ರದ ತಂತಿಯ ಸುರುಳಿ ತುಂಬಿಕೊಡುತ್ತದೆ. ಗಿಡ್ಡವಾದಷ್ಟೂ ಸುರುಳಿಯಲ್ಲಿ ಬಿಸಿಯಾಗಿ ಹೋಗುವ ಪಾಲು ಹೆಚ್ಚು. 1ರಿಂದ 40ರವರೆಗಿನ ಎಲ್ಲ ಚಾನೆಲ್‌ಗಳಿಗೂ ಒಂದೇ ಸಮ ಹೊಂದಿಕೊಳ್ಳುವ ಗುಣವೂ ಕಡಿಮೆ. ಎರಡಡಿಯ ಕಡ್ಡಿ ನೋಡಲು ಚೆಂದವೇ ಹೊರತು ನಾನು ಯಾರಿಗೂ ಅದನ್ನು ಹೇಳುವುದಿಲ್ಲ. ನಿಮ್ಮ ಗಾಡಿ ತಾಳುವ ಅತಿ ಉದ್ದದ ಕಡ್ಡಿಯನ್ನೇ ಕೊಳ್ಳಿ.

ಆಂಟೆನಾದ ಅರ್ಧ ಭಾಗ ಕಡ್ಡಿಯಾದರೆ ಇನ್ನರ್ಧ ಗಾಡಿಯ ಲೋಹದ ಬಾಡಿ. ಕಡ್ಡಿ ಚಾವಣಿಯ ನಟ್ಟನಡುವೆ ನಿಂತರೆ ಸುತ್ತಲೂ ಸಮನಾಗಿ ಸಿಗ್ನಲ್ ಹೋಗುತ್ತದೆ. ಹಿಂದಿನ ಬಂಪರಿನ ಎಡಮೂಲೆಯಲ್ಲಿ ನಿಂತರೆ ಬಲಮುಂಭಾಗದ ಕಡೆಗೆ, ಎಂದರೆ ಬಾಡಿ ಚಾಚಿಕೊಂಡಿರುವ ದಿಕ್ಕಿಗೆ, ಹೆಚ್ಚು ಹೋಗುತ್ತದೆ. ಉಳಿದ ದಿಕ್ಕುಗಳಿಗೆ ಕಡಿಮೆ. ಎಲ್ಲೇ ನಿಲ್ಲಿಸಿ, ಕಡ್ಡಿಯ ಮೇಲರ್ಧವಾದರೂ ಚಾವಣಿಗಿಂತ ಎತ್ತರದಲ್ಲಿರಬೇಕು. ಟ್ರಕ್‌ಗಳ ಎರಡೂ ಕನ್ನಡಿಗಳ ಪಕ್ಕ ಕಾಣುವ ಜೋಡಿ ಆಂಟೆನಾಗಳನ್ನು ನೋಡಿ ಸಣ್ಣ ಕಾರಿಗೂ ಹಾಗೇ ಹಾಕಿಸಲು ಹೋಗಬೇಡಿ. ಅವುಗಳ ನಡುವೆ ಎಂಟೊಂಬತ್ತು ಅಡಿ ಅಂತರ ಸಿಗದಿದ್ದರೆ ಜೋಡಿಯಿಂದ ಲಾಭವಿಲ್ಲ. ಫೈಬರ್‌ಗ್ಲಾಸ್ ಬಾಡಿಯ ಮೋಟರ್‌ಹೋಮ್‌ಗಳಲ್ಲಿ ಬೇಕಾದ ಲೋಹವೇ ಇರುವುದಿಲ್ಲ. ಅವಕ್ಕೆಂದೇ ಮಾಡಿದ, ಬಾಡಿಯ ನೆರವಿಲ್ಲದೆ ನಡೆಯುವ ಆಂಟೆನಾ ಕಿಟ್ ಸಿಗುತ್ತದೆ, ಅದನ್ನೇ ಹಾಕಬೇಕು.

ಕೆಡುವುದು ಹೆಚ್ಚಾಗಿ ಬ್ರಾಕೆಟ್ ಕೂರುವ ಜಾಗದಲ್ಲಿ. ಬಣ್ಣದ ಮೇಲೆಯೇ ಬ್ರಾಕೆಟ್ ಬಿಗಿದರೆ ಕಣ್ಣಿಗೆ ಲೋಹಕ್ಕೆ ಲೋಹ ತಾಕಿದಂತೆ ಕಂಡರೂ ನಡುವೆ ಬಣ್ಣದ ಪದರ ತಡೆಯೊಡ್ಡುತ್ತದೆ. ಬೋಲ್ಟ್ ಕೂರುವಷ್ಟು ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಹೊಳೆಯುವ ತನಕ ಉಜ್ಜಿ, ಹಲ್ಲಿರುವ ಸ್ಟಾರ್ ವಾಷರ್ ಇಟ್ಟು ಬಿಗಿಯಿರಿ. ಆಮೇಲೆ ತುಕ್ಕು ಹಿಡಿಯದಂತೆ ಸುತ್ತ ಗ್ರೀಸ್ ಸವರಿ. ಇನ್ನು ಆಂಟೆನಾ ಕೂರುವ ಸ್ಟಡ್‌ನಲ್ಲಿ ಬಿಳಿಯ ನೈಲಾನ್ ವಾಷರ್ ಒಂದಿರುತ್ತದೆ. ಅದರ ಮಧ್ಯದ ಉಬ್ಬು ಬ್ರಾಕೆಟ್ಟಿನ ತೂತಿನೊಳಗೆ ಸರಿಯಾಗಿ ಕೂತಿರಬೇಕು. ಓರೆಯಾಗಿ ಕೂತರೆ, ಇಲ್ಲವೇ ಜೋಡಿಸುವಾಗ ಹಿಂದುಮುಂದಾದರೆ, ಸ್ಟಡ್ ಬ್ರಾಕೆಟ್ಟಿಗೆ ತಗುಲಿ ಪೂರಾ ಶಾರ್ಟ್ ಆಗುತ್ತದೆ. ಹತ್ತು ಪೈಸೆಯೂ ಬಾಳದ ಆ ಬಿಲ್ಲೆಯಿಂದಾಗಿ ಒಳ್ಳೆಯ ಸೆಟ್ಟು ಕೆಟ್ಟಿದೆ ಎಂದು ಅಂಗಡಿಗೆ ಹೋಗುವುದುಂಟು.

ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದಲ್ಲಿ ಇದನ್ನು ಪರೀಕ್ಷಿಸಬಹುದು. ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ, ಆಂಟೆನಾ ಕಡ್ಡಿಯನ್ನೂ ತಿರುಗಿಸಿ ತೆಗೆದಿಡಿ. ಕನೆಕ್ಟರಿನ ನಡುವಿನ ಸೂಜಿಯಿಂದ ಸ್ಟಡ್‌ಗೆ ಸಂಪರ್ಕ ಇರಬೇಕು. ಸೂಜಿಯಿಂದ ಹೊರಕವಚಕ್ಕೆ ಇರಬಾರದು. ಬ್ರಾಕೆಟ್ಟಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಕಡ್ಡಿಯನ್ನು ತೆಗೆದೇ ನೋಡಿ ಎನ್ನಲು ಕಾರಣವಿದೆ: ಕೆಲವು ಆಂಟೆನಾಗಳ ಬುಡದ ಸುರುಳಿ ಮೀಟರಿಗೆ ಶಾರ್ಟ್‌ನಂತೆಯೇ ಕಾಣುತ್ತದೆ.

ಕೇಬಲ್ 50 ಓಮ್‌ನದೇ ಆಗಿರಲಿ: ಆರ್‌ಜಿ-58 ಸಾಕು, ಆರ್‌ಜಿ-8ಎಕ್ಸ್ ಇನ್ನೂ ಒಳ್ಳೆಯದು. ಟಿವಿಗೆ ಬಳಸುವ 75 ಓಮ್‌ನ ಕೇಬಲ್ ಒಂಟಿ ಆಂಟೆನಾಕ್ಕೆ ಬೇಡ. ಕೇಬಲ್ ಹದಿನೆಂಟು ಅಡಿಯೇ ಇರಬೇಕು ಎಂಬ ಮಾತು ಚಾಲಕರ ನಡುವೆ ಬಹಳ ಗಟ್ಟಿಯಾಗಿ ಬೇರೂರಿದೆ. ಅರ್ಥಿಂಗ್ ಸರಿಯಿದ್ದರೆ ಉದ್ದ ಎಷ್ಟಿದ್ದರೂ ನಡೆಯುತ್ತದೆ. ಉದ್ದ ಬದಲಿಸಿದಾಗ (ಮುಂದೆ ಹೇಳುವ) ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ತುಂಬಾ ಏರಿಳಿದರೆ ಅರ್ಥಿಂಗ್ ಕೆಟ್ಟಿದೆ ಎಂದೇ ತಿಳಿಯಿರಿ. ಹದಿನೆಂಟು ಅಡಿಯ ಆರ್‌ಜಿ-58ರಲ್ಲಿ ಕಳೆದುಹೋಗುವುದು ಸುಮಾರು ಅರ್ಧ ಡೆಸಿಬೆಲ್ ಮಾತ್ರ. ಮಿಕ್ಕ ಕೇಬಲ್ಲನ್ನು ಬಿಗಿಯಾಗಿ ಸುತ್ತಿ ಕಟ್ಟದೆ ಎಂಟರ ಆಕಾರದಲ್ಲಿ ಸಡಿಲವಾಗಿ ಮಡಚಿಡಿ. ಬಾಗಿಲ ಸಂದಿಯಲ್ಲಿ ಜಜ್ಜಿಹೋಗದಂತೆ, ಹೊರಗಿನ ಕನೆಕ್ಟರಿನೊಳಗೆ ನೀರು ಇಳಿಯದಂತೆ ಜಾಗ್ರತೆ ಮಾಡಿ. ಒಳಗೆ ನೀರು ಹೋದ ಕೇಬಲ್ ಒಣಗಿಸಿದರೂ ಮೊದಲಿನಂತಾಗುವುದಿಲ್ಲ, ಬದಲಿಸುವುದೇ ದಾರಿ.

ಮೀಟರ್ ಹಿಡಿದು ಟ್ಯೂನ್ ಮಾಡುವುದು

ಸೆಟ್ಟಿನಿಂದ ಹೊರಟ ಶಕ್ತಿಯೆಲ್ಲ ಆಂಟೆನಾದಿಂದ ಗಾಳಿಗೆ ಸೇರುವುದಿಲ್ಲ. ಹೊಂದಾಣಿಕೆ ತಪ್ಪಿದಷ್ಟೂ ಒಂದು ಪಾಲು ಹಿಂದಕ್ಕೆ ಬರುತ್ತದೆ. ಇದನ್ನು ಅಳೆಯುವುದು ಎಸ್‌ಡಬ್ಲ್ಯುಆರ್ ಮೀಟರ್. 1 ಬಂದರೆ ಪರಿಪೂರ್ಣ ಹೊಂದಾಣಿಕೆ. 1.5 ಇದ್ದರೆ ಹಿಂದಕ್ಕೆ ಬರುವುದು ನೂರಕ್ಕೆ ನಾಲ್ಕು ಪಾಲು, 2 ಇದ್ದರೆ ಹನ್ನೊಂದು, 3 ಇದ್ದರೆ ಇಪ್ಪತ್ತೈದು. ಮೂರು ದಾಟಿದಾಗ ಮಾತಾಡುತ್ತ ಕೂತರೆ ಸೆಟ್ಟಿನ ಕೊನೆಯ ಟ್ರಾನ್ಸಿಸ್ಟರ್ ಬಿಸಿಯಾಗಿ ಸುಡುವ ಅಪಾಯವಿದೆ.

ಅಳೆಯುವಾಗ ಗಾಡಿಯನ್ನು ಗೋಡೆ, ಮರ, ವಿದ್ಯುತ್ ತಂತಿಗಳಿಂದ ದೂರ ಬಯಲಲ್ಲಿ ನಿಲ್ಲಿಸಿ. ಬಾಗಿಲು, ಬಾನೆಟ್, ಡಿಕ್ಕಿ ಎಲ್ಲವೂ ಮುಚ್ಚಿರಲಿ. ಮಕ್ಕಳು ಗಾಡಿಗೆ ಒರಗಿ ನಿಂತಿದ್ದರೂ ಅಂಕಿ ಬದಲಾಗುತ್ತದೆ. ಮೀಟರನ್ನು ಸೆಟ್ಟಿಗೂ ಆಂಟೆನಾ ಕೇಬಲ್ಲಿಗೂ ನಡುವೆ, ಗಿಡ್ಡ ಜಂಪರ್ ಕೇಬಲ್ ಹಾಕಿ ಜೋಡಿಸಿ. 1ನೇ ಚಾನೆಲ್‌ಗೆ ತಿರುಗಿಸಿ, ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳಿ. ಖಾಲಿಯಿದ್ದರೆ ಮೀಟರಿನ ಸ್ವಿಚ್ಚನ್ನು ಫಾರ್ವರ್ಡ್‌ಗೆ ಇಟ್ಟು, ಮೈಕಿನ ಗುಂಡಿ ಒತ್ತಿ, ಏನೂ ಮಾತಾಡದೆ ಮುಳ್ಳನ್ನು ಸೆಟ್ ಗೆರೆಗೆ ತನ್ನಿ. ತಕ್ಷಣ ಸ್ವಿಚ್ಚನ್ನು ರಿಫ್ಲೆಕ್ಟ್‌ಗೆ ಹಾಕಿ ಅಂಕಿ ಓದಿ, ಗುಂಡಿ ಬಿಡಿ. ಇದೆಲ್ಲ ನಾಲ್ಕೈದು ಸೆಕೆಂಡಿನ ಕೆಲಸ. ಹೀಗೆಯೇ 19 ಮತ್ತು 40ರಲ್ಲೂ ಅಳೆದು ಬರೆದುಕೊಳ್ಳಿ.

1ರಲ್ಲಿ ಹೆಚ್ಚು, 40ರಲ್ಲಿ ಕಡಿಮೆ ಬಂದರೆ ಕಡ್ಡಿ ಗಿಡ್ಡ. ತುದಿಯ ತಿರುಪನ್ನು ಮೇಲಕ್ಕೆ ಬಿಚ್ಚಿ ಉದ್ದ ಮಾಡಿ. 40ರಲ್ಲಿ ಹೆಚ್ಚು, 1ರಲ್ಲಿ ಕಡಿಮೆ ಬಂದರೆ ಕಡ್ಡಿ ಉದ್ದ; ತಿರುಪನ್ನು ಒಳಕ್ಕೆ ಇಳಿಸಿ. ಇಳಿಸಿಯೂ ಸಾಲದಿದ್ದರೆ ಕತ್ತರಿಸಬೇಕಾಗುತ್ತದೆ. ಆಗ ಒಮ್ಮೆಗೆ ಮೂರು ಮಿಲಿಮೀಟರ್ ಮೀರಬೇಡಿ. ಪ್ರತಿ ಸಲವೂ ಅಳೆದು ಮುಂದುವರಿಯಿರಿ. ಕತ್ತರಿಸಿದ್ದು ಮರಳಿ ಬಾರದು. ಎರಡೂ ಕೊನೆಗಳಲ್ಲಿ ಸಮನಾಗಿ ಬಂದು 19ರಲ್ಲಿ ಅತಿ ಕಡಿಮೆ ಬಂದರೆ ಕೆಲಸ ಮುಗಿಯಿತು. ಎಲ್ಲ ಚಾನೆಲ್‌ಗಳಲ್ಲೂ ಮೂರರ ಮೇಲೇ ಇದ್ದರೆ ಕಡ್ಡಿಯನ್ನು ಮುಟ್ಟಬೇಡಿ. ದೋಷ ಅರ್ಥಿಂಗ್‌ನಲ್ಲೋ, ಆ ನೈಲಾನ್ ವಾಷರಿನಲ್ಲೋ, ಕನೆಕ್ಟರಿನ ಬೆಸುಗೆಯಲ್ಲೋ ಇರುತ್ತದೆ.

1.5ಕ್ಕೆ ಬಂದವರು ಅಲ್ಲಿಗೇ ನಿಲ್ಲಿಸಬೇಕು. ಅದನ್ನು 1.1 ಮಾಡಲು ಅರ್ಧ ದಿನ ಹೆಣಗಿದರೂ ಆಚೆಯವರ ಕಿವಿಗೆ ಒಂದಿಷ್ಟೂ ಗೊತ್ತಾಗುವುದಿಲ್ಲ. ಕಡಿಮೆ ಅಂಕಿ ಬಂದ ಮಾತ್ರಕ್ಕೆ ಆಂಟೆನಾ ಒಳ್ಳೆಯದು ಎಂದೂ ಅಲ್ಲ. ಪರೀಕ್ಷೆಗೆ ಬಳಸುವ 50 ಓಮ್‌ನ ಡಮ್ಮಿ ಲೋಡ್ ಮೀಟರಿನಲ್ಲಿ ಸೊಗಸಾಗಿ 1 ತೋರಿಸುತ್ತದೆ, ಗಾಳಿಗೆ ಏನನ್ನೂ ಬಿಡುವುದಿಲ್ಲ. ನೀರು ತುಂಬಿ ಹಾಳಾದ ಕೇಬಲ್ ಕೂಡ ಹೋಗುವ ಶಕ್ತಿಯನ್ನೂ ಹಿಂದೆ ಬರುವ ಶಕ್ತಿಯನ್ನೂ ನುಂಗಿ ಅಂಕಿಯನ್ನು ಚೆಂದಗಾಣಿಸುತ್ತದೆ. ಅಂಕಿ ಹಠಾತ್ತನೆ ಸುಧಾರಿಸಿ ಮಾತು ಮಾತ್ರ ಮಂಕಾದರೆ ಕೇಬಲ್ ಬದಲಿಸುವ ಕಾಲ ಬಂದಿದೆ.

ಗದ್ದಲ ಎಲ್ಲಿಂದ?

ಬಹಳ ಮಂದಿಗೆ ದೂರದ ಮಾತು ಕೇಳಿಸದಿರುವುದು ಸೆಟ್ಟಿನ ದೌರ್ಬಲ್ಯದಿಂದಲ್ಲ, ತಮ್ಮ ಗಾಡಿಯೇ ಎಬ್ಬಿಸುವ ಗದ್ದಲದಿಂದ. ಇಂಜಿನ್ ಓಡುತ್ತಿರುವಾಗ ಆಂಟೆನಾ ಕೇಬಲ್ಲನ್ನು ಸೆಟ್ಟಿನಿಂದ ಬಿಚ್ಚಿ ಕೇಳಿ (ಬಿಚ್ಚಿಟ್ಟಾಗ ಮೈಕ್ ಗುಂಡಿ ಮಾತ್ರ ಒತ್ತಬಾರದು). ಗದ್ದಲ ಹಾಗೇ ಉಳಿದರೆ ಅದು ಬ್ಯಾಟರಿಯ ವೈರಿನ ಮೂಲಕ ಬರುತ್ತಿದೆ. ನಿಂತರೆ ಆಂಟೆನಾ ಮೂಲಕ ಬರುತ್ತಿದೆ. ವೈರಿನಿಂದ ಬರುವುದಾದರೆ, ಸಿಗರೇಟ್ ಲೈಟರಿನ ತೂತಿನಿಂದ ಕರೆಂಟ್ ತೆಗೆದುಕೊಳ್ಳುವುದನ್ನು ಬಿಟ್ಟು 2.5 ಚದರ ಮಿಲಿಮೀಟರ್ ವೈರನ್ನು ನೇರ ಬ್ಯಾಟರಿಗೆ ಎಳೆಯಿರಿ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ. ಆಂಟೆನಾ ಮೂಲಕ ಬರುವುದಾದರೆ ಒಂದೊಂದೇ ಉಪಕರಣವನ್ನು ಆರಿಸುತ್ತ ಹೋಗಿ. ಇಂದಿನ ಗಾಡಿಗಳಲ್ಲಿ ಮೊದಲ ಗುಮಾನಿ ಹೋಗಬೇಕಾದ್ದು ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮೆರಾ, ಹೊರಗಿನಿಂದ ಹಾಕಿಸಿದ ಎಲ್‌ಇಡಿ ದೀಪಗಳ ಮೇಲೆ. ಚಾರ್ಜರನ್ನು ಕಿತ್ತಾಗ ಎಸ್ ಮೀಟರಿನ ಮುಳ್ಳು ಮೂರು ನಾಲ್ಕು ಮನೆ ಕುಸಿದರೆ ಅಚ್ಚರಿಪಡಬೇಕಿಲ್ಲ. ಯಾವ ವಾಟ್‌ನಿಂದಲೂ ಆಗದ ಲಾಭ ಅಲ್ಲಿದೆ.

ಇಂಜಿನ್ ವೇಗದ ಜೊತೆ ಟಿಕ್‌ಟಿಕ್ ಸದ್ದು ಏರಿದರೆ ಸ್ಪಾರ್ಕ್ ಪ್ಲಗ್ ಮತ್ತು ಅದರ ವೈರುಗಳು ಕಾರಣ. ಒಳಗೆ ರೆಸಿಸ್ಟರ್ ಇರುವ ಪ್ಲಗ್ ಹಾಕಿಸಿ. ಡೀಸೆಲ್ ಇಂಜಿನ್‌ಗಳಿಗೆ ಈ ತೊಂದರೆ ಇಲ್ಲ. ಸಿಳ್ಳೆಯಂಥ ಸದ್ದು ಏರಿಳಿದರೆ ಆಲ್ಟರ್ನೇಟರ್. ಬಾನೆಟ್ಟನ್ನೂ ಹೊಗೆಕೊಳವೆಯನ್ನೂ ಹೆಣೆದ ತಾಮ್ರದ ಪಟ್ಟಿಯಿಂದ ಬಾಡಿಗೆ ಜೋಡಿಸಿದರೆ ಇನ್ನೊಂದಿಷ್ಟು ಗದ್ದಲ ಇಳಿಯುತ್ತದೆ. ವೈರುಗಳ ಗದ್ದಲ ತಡೆಯಲು ಫೆರೈಟ್ ಬಿಲ್ಲೆಗಳನ್ನು ಕೊಳ್ಳುವಾಗ 31ನೇ ಮಿಶ್ರಣದ್ದನ್ನು ಕೇಳಿ, ವೈರನ್ನು ಅದರೊಳಗೆ ಹಲವು ಸುತ್ತು ಹಾಯಿಸಿ. ಒಂದೇ ಸಲ ತೂರಿಸಿದರೆ 27 ಮೆಗಾಹರ್ಟ್ಸ್‌ನಲ್ಲಿ ಹೆಚ್ಚೇನೂ ಮಾಡದು.

ಮೈಕನ್ನು ಬಾಯಿಂದ ಎರಡು ಇಂಚು ದೂರ, ತುಸು ಓರೆಯಾಗಿ ಹಿಡಿದು ಸಹಜ ದನಿಯಲ್ಲಿ ಮಾತಾಡಿ. ಶಕ್ತಿವರ್ಧಕ ಮೈಕುಗಳನ್ನು ಪೂರ್ತಿ ತಿರುಗಿಸಿಟ್ಟವರ ಮಾತು ಒಡೆದು ಹೋಗಿರುತ್ತದೆ. ಪಕ್ಕದ ಚಾನೆಲ್‌ನವರಿಗೂ ಕಿರಿಕಿರಿ.

ಮುಚ್ಚಳದೊಳಗೆ

ಕಾನೂನಿನ ಮಿತಿ ಎಎಂನಲ್ಲಿ ನಾಲ್ಕು ವಾಟ್, ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್) ಗರಿಷ್ಠ ಹನ್ನೆರಡು ವಾಟ್. ಶಕ್ತಿ ಹೆಚ್ಚಿಸುವುದು, ಹೆಚ್ಚುವರಿ ಚಾನೆಲ್ ತೆರೆಯುವುದು, ಲೀನಿಯರ್ ಎಂದು ಕರೆಯುವ ಆಂಪ್ಲಿಫಯರ್ ಜೋಡಿಸುವುದು ಅಮೆರಿಕದಲ್ಲಿ ನಿಷಿದ್ಧ, ದಂಡವೂ ಬೀಳುತ್ತದೆ. ನಿಯಮ ಬದಿಗಿಟ್ಟು ನೋಡಿದರೂ ಎಂಜಿನಿಯರಿಂಗ್ ಒಪ್ಪುವುದಿಲ್ಲ. ಮಾತಿನ ಏರಿಳಿತಕ್ಕೆ ಮಿತಿ ಹಾಕುವ ಲಿಮಿಟರ್ ಎಂಬ ಭಾಗವನ್ನು ‘ಗಟ್ಟಿಯಾಗಿ ಕೇಳಲಿ’ ಎಂದು ಕತ್ತರಿಸುವುದು ಬಹಳ ರೂಢಿಯಲ್ಲಿದೆ. ಮಾಡ್ಯುಲೇಷನ್ ನೂರು ಪ್ರತಿಶತ ದಾಟಿದ ಕೂಡಲೇ ವಾಹಕ ಅಲೆ ಕ್ಷಣಕ್ಷಣಕ್ಕೂ ಕತ್ತರಿಸಿದಂತಾಗಿ ಸಿಗ್ನಲ್ ಅಕ್ಕಪಕ್ಕಕ್ಕೆಲ್ಲ ಚೆಲ್ಲುತ್ತದೆ. ಒಳಗಿನ ಫಿಲ್ಟರಿನ ಸುರುಳಿಗಳನ್ನು ವಾಟ್ ಮೀಟರ್ ನೋಡಿಕೊಂಡು ತಿರುಗಿಸಿದರೆ ಮೀಟರಿನಲ್ಲಿ ಹೆಚ್ಚು ತೋರಿಸುವ ವಾಟ್‌ನ ಒಂದು ಪಾಲು 27ರ ದುಪ್ಪಟ್ಟಾದ 54 ಮೆಗಾಹರ್ಟ್ಸ್ ಅಲೆಯಾಗಿ ಹೊರಬೀಳಬಹುದು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಮನೆಗಳ ಟಿವಿಯ 2ನೇ ಚಾನೆಲ್ ಕೆಡುತ್ತಿದ್ದುದಕ್ಕೆ ಇದೂ ಒಂದು ಕಾರಣ, ಏಕೆಂದರೆ ಆ ಚಾನೆಲ್ ಶುರುವಾಗುವುದೇ 54ರಿಂದ. ಸ್ಪೆಕ್ಟ್ರಮ್ ಅನಲೈಸರ್ ಇಲ್ಲದೆ ಇದು ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ಮುಚ್ಚಳ ಬಿಚ್ಚಲೇಬಾರದೆಂದಲ್ಲ. ಹಳೆಯ ಸೆಟ್ಟಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿ ಗುಂಯ್‌ಗುಡುವಿಕೆ, ಮಂಕು ದನಿ ಬರುತ್ತದೆ. ಬದಲಿಸಿದರೆ ಸೆಟ್ಟಿಗೆ ಮರುಜೀವ. ಸಿಗ್ನಲ್ ಜನರೇಟರ್, ಫ್ರೀಕ್ವೆನ್ಸಿ ಕೌಂಟರ್ ಇರುವ ಅನುಭವಿ ತಂತ್ರಜ್ಞರಿಂದ ಆವರ್ತನ ಮತ್ತು ಗ್ರಾಹಕ ಭಾಗವನ್ನು ಕಾರ್ಖಾನೆಯ ಅಳತೆಗೆ ಮರಳಿಸಿಕೊಳ್ಳುವುದೂ ಹಣಕ್ಕೆ ತಕ್ಕ ಕೆಲಸ. ಪೀಕ್ ಮಾಡಿಸುವ ಬದಲು ಅವರಿಗೆ ಹೇಳಬೇಕಾದ್ದು ಇದನ್ನೇ. ಸುರುಳಿಗಳೊಳಗಿನ ಫೆರೈಟ್ ತಿರುಪನ್ನು ಕಬ್ಬಿಣದ ಸ್ಕ್ರೂಡ್ರೈವರಿನಿಂದ ತಿರುಗಿಸಿದರೆ ಅದು ಬಿರಿದು ಅಲ್ಲೇ ಸಿಕ್ಕಿಕೊಳ್ಳಬಹುದು. ಅದಕ್ಕೆ ಬೇರೆಯೇ ಪ್ಲಾಸ್ಟಿಕ್ ಸಾಧನ ಇದೆ.

ದೂರ ಹೆಚ್ಚಲೇಬೇಕು ಎನ್ನುವವರು ಎಸ್‌ಎಸ್‌ಬಿ ಇರುವ ಸೆಟ್ ಕೊಳ್ಳುವುದು ಮೇಲು. ಎಎಂನಲ್ಲಿ ವಾಹಕ ಅಲೆಗೇ ಹೋಗುವ ಶಕ್ತಿ ಇಲ್ಲಿ ಪೂರ್ತಿ ಮಾತಿಗೆ ಹೋಗುತ್ತದೆ, ಜಾಗವೂ ಅರ್ಧ ಸಾಕು. ಅಲ್ಲಿನ ಎಸ್‌ಎಸ್‌ಬಿ ಬಳಗದವರು ಹೆಚ್ಚಾಗಿ 36ರಿಂದ 40ರ ಚಾನೆಲ್‌ಗಳಲ್ಲಿ ಸಿಗುತ್ತಾರೆ. ಹತ್ತಿರದ ಸಂಭಾಷಣೆಗೆ ಗದ್ದಲವಿಲ್ಲದ ದನಿ ಬೇಕಾದರೆ ಎಫ್‌ಎಂ ಇದೆ. ಎಫ್‌ಸಿಸಿ 2021ರಲ್ಲಿ ಅದಕ್ಕೂ ಒಪ್ಪಿಗೆ ಕೊಟ್ಟಿತು. ಸೂರ್ಯನ ಹನ್ನೊಂದು ವರ್ಷದ ಚಕ್ರ ಏರುಗತಿಯಲ್ಲಿದ್ದಾಗ ಸಾವಿರಾರು ಕಿಲೋಮೀಟರ್ ಆಚೆಯ ದನಿಗಳು ಅಯಾನುಗೋಳಕ್ಕೆ ತಾಗಿ ಬಂದು ಚಾನೆಲ್ ತುಂಬಿಕೊಳ್ಳುತ್ತವೆ. ಅದು ಸೆಟ್ಟಿನ ದೋಷವಲ್ಲ. ಗ್ರಾಹಕದ ಸೂಕ್ಷ್ಮತೆ ನಿಯಂತ್ರಿಸುವ ಆರ್‌ಎಫ್ ಗೇನ್ ಗುಂಡಿಯನ್ನು ಇಳಿಸಿದರೆ ಹತ್ತಿರದವರ ಮಾತು ಬೇರ್ಪಡುತ್ತದೆ.

ಅಮೆರಿಕದಿಂದ ಮರಳುವಾಗ ಸೆಟ್ಟನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವವರಿಗೆ ಒಂದು ಮಾತು. ಭಾರತದಲ್ಲಿ 2005ರ ನಿಯಮದಂತೆ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಡ. ಆದರೆ ಶಕ್ತಿ ಐದು ವಾಟ್ ಮೀರಬಾರದು, ಆಂಟೆನಾ ಸೆಟ್ಟಿನಲ್ಲೇ ಇರಬೇಕು. ಅಮೆರಿಕದ ನಲವತ್ತರಲ್ಲಿ ಮೊದಲ 27 ಚಾನೆಲ್‌ಗಳಷ್ಟೇ ಈ ಪಟ್ಟಿಯೊಳಗೆ ಬರುತ್ತವೆ, 28ನೆಯದು 27.285ರಲ್ಲಿ ಹೊರಗುಳಿಯುತ್ತದೆ. ಕಾರಿನ ಚಾವಣಿಯ ಮೇಲಿನ ಆಂಟೆನಾ ಈ ವಿನಾಯಿತಿಯೊಳಗೆ ಬರುವುದಿಲ್ಲ. ಆಂಟೆನಾ ಕಟ್ಟುವ, ಸೆಟ್ ಬಿಚ್ಚಿ ಪ್ರಯೋಗ ಮಾಡುವ ಹುಚ್ಚು ನಿಜಕ್ಕೂ ಇದ್ದರೆ ಹವ್ಯಾಸಿ ರೇಡಿಯೊ ಲೈಸೆನ್ಸಿನ ಹ್ಯಾಮ್ ಪರೀಕ್ಷೆ ಬರೆಯುವುದೇ ಸರಿ. ಬೆಂಗಳೂರಿನಲ್ಲಿ ಇದಕ್ಕೆ ತರಬೇತಿ ಕೊಡುವವರಿದ್ದಾರೆ, ಹಳೆಯ ಹವ್ಯಾಸಿಗಳ ಬಳಗವೂ ಇದೆ. ಲೈಸೆನ್ಸ್ ಸಿಕ್ಕ ಮೇಲೆ 28 ಮೆಗಾಹರ್ಟ್ಸ್‌ನಿಂದ ಶುರುವಾಗುವ ಹತ್ತು ಮೀಟರ್ ಪಟ್ಟಿಯಲ್ಲಿ ಆಂಟೆನಾ, ಅರ್ಥಿಂಗ್, ಗದ್ದಲದ ಬಗ್ಗೆ ಇಲ್ಲಿ ಹೇಳಿದ್ದು ಬಹುಮಟ್ಟಿಗೆ ಹಾಗೆಯೇ ಅನ್ವಯವಾಗುತ್ತದೆ. ತಾರಸಿಯ ಮೇಲೆ ಮಾಮೂಲಿ ತಾಮ್ರದ ವೈರಿನಿಂದ 28.5ಕ್ಕೆ ಡೈಪೋಲ್ ಆಂಟೆನಾ ಕಟ್ಟುವುದಾದರೆ ಒಂದೊಂದು ಬದಿಗೂ ಎರಡೂವರೆ ಮೀಟರ್ ಬೇಕು. ಹತ್ತು ಸೆಂಟಿಮೀಟರ್ ಹೆಚ್ಚೇ ಇಟ್ಟುಕೊಂಡು, ಮೀಟರ್ ನೋಡುತ್ತ ಎರಡೂ ಬದಿ ಸಮನಾಗಿ ಕತ್ತರಿಸುತ್ತ ಬನ್ನಿ.